ಕಮಿಷನ್ ಮಾತು ಮೊದಲೇ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ಮನೆನೋ ಸೈಟೋ ಮಾರೋರು ಬೆಲೆ ವಿಷಯದಲ್ಲಿ ತಿಂಗಳುಗಟ್ಟಲೆ ಚೌಕಾಶಿ ಮಾಡ್ತಾರೆ, ಆದ್ರೆ ಏಜೆಂಟ್ ತನ್ನ ಕಮಿಷನ್ ಇಷ್ಟು ಅಂದ ಕೂಡ್ಲೆ ಹೂಂ ಅಂದುಬಿಡ್ತಾರೆ. ಯಾಕೆ ಅಂತ ಕೇಳಿದ್ರೆ "ಅದು ಮಾರ್ಕೆಟ್ ರೇಟ್ ಅಲ್ವಾ, ಎಲ್ಲರೂ ಅಷ್ಟೇ ಕೊಡೋದು" ಅಂತಾರೆ. ಈ ಮಾತನ್ನ ಯಾರೂ ನಂಬಬಾರದು ಅಂತಾನೇ ಈ ಪತ್ರ ಬರೀತಿದ್ದೀನಿ.

ಅಮೆರಿಕದಲ್ಲಿ ವರ್ಷಾನುಗಟ್ಟಲೆ 5-6 ಪರ್ಸೆಂಟ್ ಅನ್ನೋದು ಹಾಗೇ ನಡ್ಕೊಂಡು ಬಂದಿತ್ತು. 2023ರ ಅಕ್ಟೋಬರ್‌ನಲ್ಲಿ ಮಿಸೌರಿ ರಾಜ್ಯದಲ್ಲಿರೋ ಫೆಡರಲ್ ಕೋರ್ಟಲ್ಲಿ ಜ್ಯೂರಿ, ಅಲ್ಲಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಅನ್ನೋ ಏಜೆಂಟ್‌ಗಳ ಸಂಘ ಮತ್ತೆ ಕೆಲವು ದೊಡ್ಡ ಕಂಪನಿಗಳು ಸೇರ್ಕೊಂಡು ಕಮಿಷನ್ ಇಳಿಯದ ಹಾಗೆ ನೋಡ್ಕೊಂಡಿವೆ ಅಂತ ತೀರ್ಪು ಕೊಡ್ತು. ಮಾರನೇ ವರ್ಷ ಆ ಸಂಸ್ಥೆ 41.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು, 2024ರ ಆಗಸ್ಟ್‌ನಿಂದ ಹೊಸ ನಿಯಮನೂ ಬಂತು. ಕೊಳ್ಳೋರಿಗೆ ಮನೆ ತೋರಿಸೋಕ್ ಮುಂಚೆನೇ ಏಜೆಂಟ್ ಜೊತೆ ಲಿಖಿತ ಒಪ್ಪಂದ ಆಗಿರ್ಬೇಕು, ಫೀಸ್ ಎಷ್ಟು ಅಂತ ಅದರಲ್ಲಿ ಇರ್ಬೇಕು, ಕಮಿಷನ್ ಕಾನೂನಲ್ಲಿ ಫಿಕ್ಸ್ ಆಗಿಲ್ಲ, ಚರ್ಚೆ ಮಾಡಬಹುದು ಅಂತ ಎದ್ದು ಕಾಣೋ ಹಾಗೆ ಬರ್ದಿರ್ಬೇಕು.

ಇದರಲ್ಲಿ ನಾವು ತಗೋಬೇಕಾಗಿರೋದು ಟೈಮಿಂಗ್. ಪಾರ್ಟಿ ಸಿಕ್ಕಿ, ಅಡ್ವಾನ್ಸ್ ಕೈಗೆ ಬಂದ ಮೇಲೆ ಕಮಿಷನ್ ಕಡಿಮೆ ಮಾಡಿ ಅಂದ್ರೆ ಅದು ಜಗಳ ಆಗುತ್ತೆ, ಮತ್ತೆ ಅದು ಏಜೆಂಟ್‌ಗೆ ಮಾಡೋ ಅನ್ಯಾಯ ಕೂಡ. ಏಜೆಂಟ್ ನಿಮ್ಮ ಪ್ರಾಪರ್ಟಿ ಬೇಕು ಅಂತ ಬಂದು ಕೂತಿರ್ತಾರಲ್ಲ, ಆಗ ಕೇಳಿ. ಬೇರೆ ಇಬ್ಬರು ಮೂವರು ಏಜೆಂಟ್‌ಗಳ ರೇಟೂ ವಿಚಾರಿಸಿ ಇಟ್ಕೊಂಡಿರಿ.

ಇನ್ನು ಬರೀ ಪರ್ಸೆಂಟ್ ಹಿಡ್ಕೊಂಡು ಎಳೆದಾಡಿದ್ರೆ ಸಾಲಲ್ಲ. ಲೆಕ್ಕ ನೋಡಿ, 2 ಪರ್ಸೆಂಟ್ ಏಜೆಂಟ್ ನಿಮಗೆ ನೂರು ರೂಪಾಯಿ ಜಾಸ್ತಿ ತಂದುಕೊಟ್ರೆ ಅವರಿಗೆ ಸಿಗೋದು ಬರೀ ಎರಡು ರೂಪಾಯಿ, ಹಾಗಾಗಿ ಇನ್ನೊಂದು ಸ್ವಲ್ಪ ಕಾಯೋಣ ಅನ್ನೋಕೆ ಅವರಿಗೆ ಕಾರಣನೇ ಇರಲ್ಲ, ಬೇಗ ಡೀಲ್ ಮುಗಿಸಿ ಮುಂದಿನದಕ್ಕೆ ಹೋಗೋದೇ ಲಾಭ. ಸ್ಟೀವನ್ ಲೆವಿಟ್ ಮತ್ತೆ ಚ್ಯಾಡ್ ಸೈವರ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಸುಮಾರು 1 ಲಕ್ಷ ಮನೆ ಮಾರಾಟ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ್ದು ಇದನ್ನೇ: ಏಜೆಂಟ್‌ಗಳು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ 9.5 ದಿನ ಜಾಸ್ತಿ ಕಾಯ್ತಾರೆ, ಬೆಲೆನೂ 3.7 ಪರ್ಸೆಂಟ್ ಜಾಸ್ತಿ ಪಡೀತಾರೆ. ಕಮಿಷನ್‌ನಲ್ಲಿ ಅರ್ಧ ಪರ್ಸೆಂಟ್ ಉಳಿಸಿ ಬೆಲೆಯಲ್ಲಿ ಮೂರು ಪರ್ಸೆಂಟ್ ಕಳ್ಕೊಂಡ್ರೆ ಏನು ಬಂತು?

ಅದಕ್ಕೇ ಇಂತಿಷ್ಟು ಬೆಲೆವರೆಗೆ ಕಡಿಮೆ ರೇಟು, ಅದರ ಮೇಲೆ ಬಂದ ದುಡ್ಡಿಗೆ ದೊಡ್ಡ ಪಾಲು ಅಂತ ಮಾತಾಡ್ಕೊಳ್ಳೋದು ನನ್ನ ಪ್ರಕಾರ ಒಳ್ಳೇ ದಾರಿ. ಆದ್ರೆ ಆ ಬೇಸ್ ಬೆಲೆನ ಏಜೆಂಟ್ ಹೇಳಿದ್ದಕ್ಕೇ ಒಪ್ಕೋಬೇಡಿ, ಅವರು ಕಡಿಮೆನೇ ಹೇಳ್ತಾರೆ, ಅಕ್ಕಪಕ್ಕ ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ನೀವೇ ತಿಳ್ಕೊಳ್ಳಿ. ಕೊಳ್ಳೋರ ಹತ್ರಾನೂ ಕಮಿಷನ್ ತಗೋತೀರಾ ಅಂತ ನೇರವಾಗಿ ಕೇಳಿ. ಎರಡೂ ಕಡೆ ತಗೊಳ್ಳೋರು ಯಾರ ಪರವಾಗಿ ಬೆಲೆ ಮಾತಾಡ್ತಾರೆ ಹೇಳಿ? ಹಂಗಿದ್ರೆ ನಿಮ್ಮ ಕಡೆ ರೇಟು ಇಳಿಸೋಕೆ ಅದೊಂದೇ ಕಾರಣ ಸಾಕು. ಡೀಲ್ ಮುರಿದುಬಿದ್ರೆ ದುಡ್ಡು ಕೊಡ್ಬೇಕಾ, ಒಪ್ಪಂದ ಎಷ್ಟು ತಿಂಗಳು, ಅವಧಿ ಮುಗಿದ ಮೇಲೆ ಅವರು ತೋರಿಸಿದ ಪಾರ್ಟಿನೇ ಬಂದು ಕೊಂಡ್ರೆ ಏನು, ಇದೆಲ್ಲಾ ಪೇಪರ್ ಮೇಲೆ ಇರ್ಲಿ.

ಏಜೆಂಟ್‌ನ ಬದಿಗಿಟ್ಟು ಅವರು ಕರ್ಕೊಂಡು ಬಂದ ಪಾರ್ಟಿ ಜೊತೆ ಗುಟ್ಟಾಗಿ ಡೀಲ್ ಮಾಡ್ಕೊಳ್ಳೋರೂ ಇದಾರೆ, ಅದು ಚೌಕಾಶಿ ಅಲ್ಲ, ಮೋಸ. ಓಡಾಡಿದವರಿಗೆ ದುಡ್ಡು ಸಿಗ್ಲೇಬೇಕು.

ನಿಮ್ಮ ಪತ್ರಿಕೆಯಲ್ಲಿ ಪ್ರಾಪರ್ಟಿ ಜಾಹೀರಾತು ಬರ್ತಾನೇ ಇರುತ್ತೆ. ಅದರ ಪಕ್ಕದಲ್ಲೇ ಒಂದು ಸಲ, ವಕೀಲರನ್ನ ಕೇಳಿ, ಏಜೆಂಟ್ ಜೊತೆ ಮಾಡ್ಕೊಳ್ಳೋ ಒಪ್ಪಂದದ ಮಾದರಿ ಸರಳ ಕನ್ನಡದಲ್ಲಿ ಹಾಕಿ, ಜನ ಕತ್ತರಿಸಿ ಇಟ್ಕೋತಾರೆ.

ಇಂತಿ,
ನಿಮ್ಮ ಓದುಗ