ಶಾಸಕರೇ, ಹೃದಯಕ್ಕೆ ಶಾಕ್ ಕೊಡೋ ಮಷೀನು ನಮ್ಮೂರ ಸೊಸೈಟಿಗೂ ಬರ್ಲಿ

ಮಾನ್ಯ ಶಾಸಕರಿಗೆ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರ.

ಹೋದ ಸಲದ ಅಡಿಕೆ ಸುಲಿತದಲ್ಲಿ, ರಾತ್ರಿ ಹತ್ತೂವರೆ ಇರ್ಬೋದು, ಪಕ್ಕದ ಮನೆ ಅಣ್ಣ ಮೆಟ್ಟುಗತ್ತಿ ಮೇಲೆ ಕೂತಿದ್ದವ್ರು ಮಾತಾಡ್ತಾ ಮಾತಾಡ್ತಾ ಹಂಗೇ ವಾಲಿಬಿಟ್ರು. ಒಬ್ರು ಮುಖಕ್ಕೆ ನೀರು ಚಿಮುಕಿಸಿದ್ರು, ಇನ್ನೊಬ್ರು ಅಂಗಾಲು ತಿಕ್ಕಿದ್ರು, ನಾನು 108ಕ್ಕೆ ಮಾಡೋಣ ಅಂತ ಫೋನ್ ಹಿಡ್ಕೊಂಡು ಸಿಗ್ನಲ್ ಸಿಗೋ ಗುಡ್ಡದ ತುದಿಗೆ ಓಡಿದೆ. ಎದೆ ಒತ್ತಬೇಕು ಅನ್ನೋದು ಅಲ್ಲಿದ್ದ ಹನ್ನೊಂದು ಜನದಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ. ಜೀಪಲ್ಲಿ ಮಲಗಿಸ್ಕೊಂಡು ಆಸ್ಪತ್ರೆ ಮುಟ್ಟೋವಾಗ ಮುಕ್ಕಾಲು ಗಂಟೆ ಆಗಿತ್ತು, ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು. ಅವ್ರ ಬೆರಳಲ್ಲಿ ಅಡಿಕೆ ಚೊಗರಿನ ಕಪ್ಪು ಹಂಗೇ ಇತ್ತು.

ಆಮೇಲೆ ತಿಳ್ಕೊಂಡಿದ್ದು ಇದು. ಹೀಗೆ ಬಿದ್ದಾಗ ಎಷ್ಟೋ ಸಲ ಹೃದಯ ಲಯ ತಪ್ಪಿ ಸುಮ್ನೆ ನಡುಗ್ತಿರತ್ತೆ, ರಕ್ತ ಪಂಪ್ ಆಗಲ್ಲ, ಆ ನಡುಕ ನಿಲ್ಸೋಕೆ ಶಾಕ್ ಕೊಡ್ಬೇಕು. ಎದೆ ಒತ್ತದೆ, ಶಾಕ್ ಇಲ್ದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕೋ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳೀತಾ ಹೋಗತ್ತೆ. ನಾವು ಕಳೆದದ್ದು ಮುಕ್ಕಾಲು ಗಂಟೆ.

2021ರಲ್ಲಿ ಅಪ್ಪು ಹೋದ್ಮೇಲೆ ಅವ್ರ ಹೆಸರಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂತು, ತಾಲೂಕು ಆಸ್ಪತ್ರೇಲಿ ಇಸಿಜಿ ಮಾಡಿ ರಕ್ತದ ಹೆಪ್ಪು ಕರಗ್ಸೋ ಇಂಜೆಕ್ಷನ್ ಫ್ರೀ ಕೊಡ್ತಾರೆ, ಅದು ನಿಜಕ್ಕೂ ದೊಡ್ಡ ಕೆಲ್ಸ. ಆದ್ರೆ ಅದು ಆಸ್ಪತ್ರೆ ಬಾಗ್ಲಿಗೆ ಜೀವಂತ ಮುಟ್ಟಿದವ್ರಿಗೆ ಅಲ್ವಾ ಸಾರ್? ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದಾದ್ರೆ ನಮ್ಗೆ ಆ ಬಾಗ್ಲು ಇನ್ನೂ ದೂರ.

ಅದಕ್ಕೇ ಕೇಳ್ತಿರೋದು, ಎಇಡಿ ಅನ್ನೋ, ಆ ಶಾಕ್ ಕೊಡೋ ಡಿಫಿಬ್ರಿಲೇಟರ್ ಮಷೀನು ಸೊಸೈಟಿ, ಬಸ್ ಸ್ಟ್ಯಾಂಡು, ಎಳ್ಳಮಾವಾಸ್ಯೆ ಜಾತ್ರೆ ನಡೆಯೋ ಜಾಗ ಇಲ್ಲೆಲ್ಲ ಇರ್ಬೇಕು. ಅದಕ್ಕೆ ಡಾಕ್ಟ್ರೇ ಬೇಕು ಅಂತಿಲ್ಲ, ಎರಡು ಪ್ಯಾಡ್ ಎದೆಗೆ ಅಂಟಿಸಿದ್ರೆ ಅದೇ ಹೃದಯದ ಲಯ ನೋಡತ್ತೆ, ಶಾಕ್ ಬೇಕಿಲ್ದಿದ್ರೆ ಕೊಡಲ್ಲ, ಮುಂದೇನು ಮಾಡ್ಬೇಕು ಅಂತ ಬಾಯಲ್ಲೇ ಹೇಳತ್ತೆ. ಆ ಮಾತು ಕನ್ನಡದಲ್ಲೇ ಇರೋ ಮಷೀನು ತರ್ಸಿ. ನಮ್ಮನೆಯಿಂದ ಸೊಸೈಟಿಗೆ ಬೈಕಲ್ಲಿ ಮೂರು ನಿಮಿಷ. ಒಬ್ಬ ತರೋಕೆ ಓಡ್ತಾನೆ, ಉಳಿದವ್ರು ಅಷ್ಟೊತ್ತೂ ಎದೆ ಒತ್ತಾ ಇರ್ತಾರೆ, ನಿಮಿಷಕ್ಕೆ 100ರಿಂದ 120 ಸಲ.

ಇನ್ನೊಂದು ಮಾತು, ದಯವಿಟ್ಟು ಬೀರುವಲ್ಲಿ ಬೀಗ ಹಾಕಿ ಇಡೋ ಹಾಗೆ ಮಾಡ್ಬೇಡಿ. ರಾತ್ರಿ ಕೀಲಿ ಯಾರ ಹತ್ರ ಅಂತ ಹುಡ್ಕೋಕೆ ಟೈಮಿಲ್ಲ. ಪ್ಯಾಡಿಗೂ ಬ್ಯಾಟರಿಗೂ ಎಕ್ಸ್‌ಪೈರಿ ಡೇಟ್ ಇರತ್ತೆ, ನಮ್ಮ ಮಳೆಗಾಲದ ಥಂಡಿ ಬೇರೆ, ತಿಂಗಳಿಗೊಂದ್ಸಲ ನೋಡೋಕೆ ಒಬ್ರನ್ನ ಹೆಸ್ರು ಹಾಕಿ ನೇಮಿಸಿ.

ಈ ಸಲದ ಸುಲಿತ ಶುರುವಾಗೋಕೆ ಮುಂಚೆ ಶಾಸಕರ ನಿಧಿಯಿಂದ ಒಂದಾದ್ರೂ ತರ್ಸಿ ಸಾರ್. ಆಶಾ ಕಾರ್ಯಕರ್ತೆಯರಿಗೆ, ಆಟೋದವ್ರಿಗೆ, ಸೊಸೈಟಿ ಗುಮಾಸ್ತರಿಗೆ ಟ್ರೈನಿಂಗ್ ಇಟ್ರೆ ಜನ ಸೇರ್ಸೋ ಜವಾಬ್ದಾರಿ ನಂದು. ಅವತ್ತು ಅಂಗಳದಲ್ಲಿದ್ದ ಹನ್ನೊಂದು ಜನಾನೂ ಬರ್ತಾರೆ, ಕೇಳಿದೀನಿ.