ಚಳಿಯಲ್ಲ, ಸೋರುವ ಚಾವಣಿ

ಮಾನ್ಯರೇ,

ಉತ್ತರ ರಷ್ಯಾದ ಕಾಡುಗಳಲ್ಲಿ ಪಾಳುಬಿದ್ದ ಹಳ್ಳಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಚಳಿಯ ಮೇಲೆ ತಪ್ಪು ಹೊರಿಸುತ್ತಾರೆ. ಅರ್ಖಾಂಗೆಲ್ಸ್ಕ್, ಕರೇಲಿಯಾ, ಕೋಮಿ ಪ್ರಾಂತಗಳ ದಿಮ್ಮಿಮನೆಗಳು, ಅಂದರೆ ಅಲ್ಲಿನವರ ‘ಇಜ್ಬಾ’ಗಳು, ಮೈನಸ್ 30ರ ಚಳಿಯಲ್ಲೂ ನೂರು ವರ್ಷ ದಾಟಿ ನಿಂತಿವೆ. ಅವನ್ನು ಕೊಳೆಸುವುದು ನೀರು.

ಚಳಿಗಾಲಕ್ಕೆ ಮುನ್ನ ಗೋಡೆಯ ಬುಡಕ್ಕೆ ಸುತ್ತಲೂ ಮಣ್ಣು ಒತ್ತಿ ದಿಂಡು ಕಟ್ಟುತ್ತಾರೆ. ಅದಕ್ಕೆ ‘ಜವಾಲಿಂಕಾ’ ಎಂದು ಹೆಸರು. ಹಿಮ ಕರಗುತ್ತಲೇ ಅದನ್ನು ಕೆದರಿ, ನೆಲದಡಿಯ ಗಾಳಿಕಿಂಡಿ ತೆರೆಯಬೇಕು. ಖಾಲಿ ಮನೆಯಲ್ಲಿ ಈ ಕೆಲಸಕ್ಕೆ ಯಾರಿದ್ದಾರೆ? ಹಸಿಮಣ್ಣು ಅಂಟಿಕೊಂಡ ಕೆಳಸುತ್ತಿನ ದಿಮ್ಮಿ ಮೊದಲು ಕೊಳೆಯುತ್ತದೆ. ಮೇಲೆ ಚಿಮಣಿಯ ಸುತ್ತಲಿನ ಸಂದು ಸೋರಲು ಶುರು. ಬೆಚ್ಚಗಿರಲೆಂದು ಅಟ್ಟದ ಮೇಲೆ ಹರಡಿದ ಮಣ್ಣು ನೀರು ಕುಡಿದು ಭಾರವಾಗುತ್ತದೆ, ನಡುತೊಲೆ ಜಗ್ಗುತ್ತದೆ, ಒಂದು ದಿನ ಅಟ್ಟವೇ ಕುಸಿಯುತ್ತದೆ.

ನಡುತೊಲೆ ಗಟ್ಟಿಯಿರುವವರೆಗೆ ಮನೆ ಉಳಿಸಬಹುದು. ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ದಿಮ್ಮಿ ಟಣ್ಣೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಅನುಮಾನ ಬಂದಲ್ಲಿ ದಬ್ಬಣ ಚುಚ್ಚಿ ನೋಡಬೇಕು. ಕೆಳಸುತ್ತು ಬದಲಿಸಲು ಮನೆಯನ್ನೇ ಜ್ಯಾಕ್ ಕೊಟ್ಟು ಎತ್ತುತ್ತಾರೆ. ಎಡವಟ್ಟಾಗುವುದು ಇಲ್ಲೇ. ಇಟ್ಟಿಗೆಯ ಒಲೆಗೆ ಅದರದೇ ಅಡಿಪಾಯ. ಮನೆ ಎದ್ದರೂ ಒಲೆ, ಚಿಮಣಿ ಏಳುವುದಿಲ್ಲ. ಅಟ್ಟ, ಚಾವಣಿಗಳನ್ನು ಚಿಮಣಿಯಿಂದ ಮೊದಲೇ ಬಿಡಿಸದಿದ್ದರೆ ಇಟ್ಟಿಗೆ ಕಿತ್ತುಬರುತ್ತದೆ. ಕಿಟಕಿ ಚೌಕಟ್ಟುಗಳನ್ನೂ ತೆಗೆದಿಡಬೇಕು. ಒಂದೊಂದೇ ಮೂಲೆಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಎತ್ತಿದಷ್ಟಕ್ಕೂ ಆಗಲೇ ಮರದ ತುಂಡು ಆನಿಸಬೇಕು. ಹೊಸ ದಿಮ್ಮಿ ಲಾರ್ಚ್ ಮರದ್ದಾದರೆ ಬಾಳಿಕೆ ಹೆಚ್ಚು. ಅಡಿಗಲ್ಲಿನ ಮೇಲೆ ಬರ್ಚ್ ತೊಗಟೆ ಹಾಸಿ ಕೂರಿಸಿದರೆ ಕಲ್ಲಿನ ತೇವ ಮರಕ್ಕೆ ಏರದು. ದಿಮ್ಮಿಗಳ ನಡುವೆ ಪಾಚಿ ತುಂಬುತ್ತಾರೆ.

ವರ್ಷಗಟ್ಟಲೆ ಆರಿದ್ದ ಒಲೆಗೆ ಮೊದಲ ದಿನವೇ ಭರ್ತಿ ಸೌದೆ ಒಟ್ಟಿದರೆ ತೇವ ಹಿಡಿದ ಇಟ್ಟಿಗೆ, ಮಣ್ಣುಗಾರೆ ಬಿರುಕು ಬಿಡುತ್ತವೆ. ಚಿಮಣಿಯಲ್ಲಿ ಹಕ್ಕಿಗೂಡು ಇದೆಯೇ ನೋಡಿ, ಕೆಲವು ದಿನ ನಾಲ್ಕಾರು ಕಡ್ಡಿಗಳಷ್ಟೇ ಉರಿಸಿ ಒಣಗಿಸಬೇಕು. ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿರುವಾಗ ಹೊಗೆ ಹೋಗುವ ದಾರಿಯ ಮುಚ್ಚಳ ಹಾಕಲೇಬಾರದು. ಮನೆ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಜನ ಹೋದದ್ದೂ ಚಳಿಗೆ ಹೆದರಿ ಅಲ್ಲ. 1960–70ರ ದಶಕಗಳಲ್ಲಿ ಸೋವಿಯತ್ ಆಡಳಿತ ಸಣ್ಣ ಹಳ್ಳಿಗಳಿಗೆ ‘ಭವಿಷ್ಯವಿಲ್ಲದವು’ ಎಂಬ ಹಣೆಪಟ್ಟಿ ಹಚ್ಚಿತು. ಶಾಲೆ, ಅಂಗಡಿ, ಪ್ರಥಮ ಚಿಕಿತ್ಸಾ ಕೇಂದ್ರ ಮುಚ್ಚಿದ ಮೇಲೆ ಮಕ್ಕಳಿರುವ ಮನೆಯವರು ಉಳಿಯುವುದಾದರೂ ಹೇಗೆ? 2010ರ ಜನಗಣತಿ ಹೊತ್ತಿಗೆ ರಷ್ಯಾದ ಸುಮಾರು 1,53,000 ಗ್ರಾಮೀಣ ನೆಲೆಗಳಲ್ಲಿ 19,000ಕ್ಕೂ ಹೆಚ್ಚು ಪೂರಾ ಖಾಲಿಯಾಗಿದ್ದವು. 2022ರ ಫೆಬ್ರುವರಿಯಿಂದ ಆರ್ಕ್‌ಟಿಕ್ ವಲಯದಲ್ಲಿ ಯಾವುದೇ ರಷ್ಯನ್ ಪ್ರಜೆಗೆ 1 ಹೆಕ್ಟೇರ್ ನೆಲ ಉಚಿತವಾಗಿ ಸಿಗುತ್ತಿದೆ. ಆದರೆ ಈ ಹಳ್ಳಿಗಳಲ್ಲಿ ನೆಲಕ್ಕೆ ಬರ ಎಂದೂ ಇರಲಿಲ್ಲ. ಬೇಕಿರುವುದು ಹಿಮ ಕರಗಿ ಕೆಸರಾದಾಗಲೂ ರೋಗಿಯನ್ನು ಸಾಗಿಸಬಲ್ಲ ದಾರಿ.

ಬೇಸಿಗೆಗಷ್ಟೇ ಬಂದುಹೋಗುವ ವಾರಸುದಾರರು ಇನ್ನೂ ಅನೇಕ ಕಡೆ ಇದ್ದಾರೆ. ಅವರಿಗೆ ಚಾವಣಿಯ ಹಲಗೆ, ತಗಡಿಗಾದರೂ ಸರ್ಕಾರ ನೆರವು ಕೊಡಲಿ. ಅವರು ಕಿಟಕಿಗೆ ಬಣ್ಣ ಬಳಿಯುವ ಮೊದಲು ಚಿಮಣಿಯ ಸಂದು ಮುಚ್ಚಿ, ಗೋಡೆಬುಡದ ಮಣ್ಣು ಕೆದರಲಿ.