92 ಎಂದು ಬರೆಯುವ ಮುನ್ನ

ಸದಸ್ಯರ ಗಮನಕ್ಕೆ: ಯಾರು ದುಡಿಯುತ್ತಾರೆ, ಯಾರು ಇಲ್ಲ ಎಂದು ಮನೆಮನೆಗೆ ಹೋಗಿ ಲೆಕ್ಕ ಹಾಕುವ ಸರ್ಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ (PLFS) 'ಮನೆಗೆಲಸ ಮಾತ್ರ' ಎಂಬ 92ನೇ ಸಂಕೇತವನ್ನು ತುಂಬುವ ಮುನ್ನ ಇನ್ನೆರಡು ಪ್ರಶ್ನೆ ಕೇಳಬೇಕಾಗಿ ಕೋರುತ್ತೇನೆ. "ನಾನೇನೂ ಕೆಲಸ ಮಾಡಲ್ಲ, ಮನೇಲೇ ಇರ್ತೀನಿ" ಎನ್ನುವ ಗೃಹಿಣಿಯ ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹೋಗುತ್ತಿದ್ದರೆ, ಆ ವ್ಯವಹಾರವನ್ನು ತಾವೇ ನಡೆಸುವವರು 11ನೇ ಸಂಕೇತಕ್ಕೆ, ಮನೆಯವರ ವ್ಯವಹಾರಕ್ಕೆ ಸಂಬಳವಿಲ್ಲದೆ ನೆರವಾಗುವವರು 21ನೇ ಸಂಕೇತಕ್ಕೆ ಸೇರುತ್ತಾರೆ; ಇಬ್ಬರೂ ದುಡಿಯುವವರೇ. ಹಿಂದಿನ 365 ದಿನಗಳ ಪ್ರಧಾನ ಸ್ಥಿತಿ (ಹೆಚ್ಚು ಸಮಯ ಕಳೆದ ಚಟುವಟಿಕೆ) ಬೇರೆಯೇ ಆಗಿದ್ದರೂ, 30 ದಿನಕ್ಕೆ ಕಡಿಮೆಯಿಲ್ಲದ ದುಡಿಮೆಯನ್ನು ಪೂರಕ ಸ್ಥಿತಿಯಲ್ಲಿ (ಅದರ ಜೊತೆಗಿನ ಉಪ ದುಡಿಮೆಯಾಗಿ) ತಪ್ಪದೆ ದಾಖಲಿಸಬೇಕು. ಕಳೆದ ವಾರವನ್ನಷ್ಟೇ ನೋಡುವ ವಾರದ ಸ್ಥಿತಿಗಾದರೆ 7 ದಿನಗಳಲ್ಲಿ ಒಂದು ದಿನ, ಒಂದೇ ಗಂಟೆ ದುಡಿದಿದ್ದರೂ ದುಡಿಯುವವರೆಂದು ಎಣಿಸಲು ಸಾಕು. (ಈ ಅಳತೆ ತೀರಾ ಸಡಿಲವೆಂದು ನನಗೂ ಅನಿಸುತ್ತದೆ, ಆದರೆ ನಿಯಮ ಅದೇ.) 'ಕೆಲಸವಿದೆಯೇ' ಎನ್ನದೆ, 'ಹಾಲು ಕರೆಯುವವರು ಯಾರು' ಎಂದು ಕೇಳಿ.